ಐಸಿಟಿ ಖಾನೆಗೆ ಐದು ಅಂಕ

ಕಳೆದ ಡಿಸೆಂಬರಿನಲ್ಲಿ ನಾನು ಮಾಡಿದ ಎರಡು ಅಭ್ಯಾಸ ಪಾಠಗಳ ಅಂಕಪಟ್ಟಿ ಈಗ ನನ್ನ ಮುಂದಿದೆ. ಎರಡೂ ಒಂದೇ ತರಗತಿಗೆ, ಒಂದೇ ವಿಷಯದ ಮೇಲೆ ಮಾಡಿದ ಪಾಠಗಳು. ಮೊದಲನೆಯದರ ‘ಐಸಿಟಿ ಬಳಕೆ’ ಎಂಬ ಖಾನೆಯಲ್ಲಿ ಐದಕ್ಕೆ ಐದು. ಎರಡನೆಯದರಲ್ಲಿ ಅದೇ ಖಾನೆಗೆ ಸೊನ್ನೆ. ಐದು ಅಂಕ ಬಂದ ದಿನ ಮಕ್ಕಳು ಏನೂ ಕಲಿಯಲಿಲ್ಲ. ಸೊನ್ನೆ ಬಂದ ದಿನ ಕಲಿತರು. ಇದು ನನ್ನೊಬ್ಬಳ ಅಂಕದ ಜಗಳವಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಮುಂದಿನ ಮೂವತ್ತು ವರ್ಷ ತರಗತಿಯಲ್ಲಿ ನಿಲ್ಲಬೇಕಾದವರನ್ನು ನಾವು ಹೇಗೆ ತಯಾರು ಮಾಡುತ್ತಿದ್ದೇವೆ ಅನ್ನುವ ಪ್ರಶ್ನೆ ಇದರೊಳಗಿದೆ.

ನಾನು ಮುಂಬಯಿಯಲ್ಲಿ ಬಿ.ಎಡ್. ಎರಡನೇ ವರ್ಷದಲ್ಲಿದ್ದೇನೆ. ತರಬೇತಿಗೆ ಹೋಗುತ್ತಿರುವುದು ನಗರದ ಹೊರವಲಯದ ಒಂದು ಕನ್ನಡ ಮಾಧ್ಯಮ ಶಾಲೆಗೆ. ಅಲ್ಲಿನ ಮಕ್ಕಳಲ್ಲಿ ಹೆಚ್ಚಿನವರ ಊರು ಕಲಬುರಗಿ, ರಾಯಚೂರು, ವಿಜಯಪುರದ ಕಡೆ. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಬಂದವರು. ಮನೆಯಲ್ಲಿ ಕನ್ನಡ, ಕೆಲವರಿಗೆ ಲಂಬಾಣಿ. ಬೀದಿಯಲ್ಲಿ ಹಿಂದಿ, ಮರಾಠಿ. ಶಾಲೆಯ ಎಂಟನೇ ತರಗತಿಯ ಕೋಣೆಯಲ್ಲಿ ಗೋಡೆಯಗಲದ ಸ್ಮಾರ್ಟ್ ಬೋರ್ಡ್ ಇದೆ. ಯಾವುದೋ ಕಂಪನಿ ದಾನ ಕೊಟ್ಟದ್ದು. ಅದರ ಕೆಳಗೆ ದಾನಿಯ ಹೆಸರಿನ ಫಲಕವಿದೆ. ವಿಜ್ಞಾನ ಪ್ರಯೋಗಾಲಯ ಎಂದು ಬರೆದಿರುವ ಕೋಣೆಯಲ್ಲಿ ಹಳೆಯ ಬೆಂಚುಗಳನ್ನು ಪೇರಿಸಿಟ್ಟಿದ್ದಾರೆ.

ನನ್ನ ಪಾಠ ವಿದ್ಯುನ್ಮಂಡಲದ ಮೇಲೆ. ಪಾಠದ ಯೋಜನೆಯನ್ನು ನಾನು ಎಐ ಚಾಟ್‌ಬಾಟ್ ಒಂದರ ಕೈಯಲ್ಲಿ ಬರೆಸಿದೆ. ಸುಳ್ಳು ಯಾಕೆ ಹೇಳಲಿ, ನಮ್ಮ ತರಗತಿಯಲ್ಲಿ ಬಹಳಷ್ಟು ಜನ ಹಾಗೇ ಮಾಡುತ್ತೇವೆ. ಉದ್ದೇಶಗಳು, ಪೀಠಿಕೆ, ಚಟುವಟಿಕೆ, ಮೌಲ್ಯಮಾಪನ, ಮನೆಗೆಲಸ ಎಲ್ಲ ಅಚ್ಚುಕಟ್ಟಾಗಿ ಬಂತು. ‘ಪೂರ್ವಜ್ಞಾನ’ ಎಂಬಲ್ಲಿ ‘ವಿದ್ಯಾರ್ಥಿಗಳಿಗೆ ದೈನಂದಿನ ಜೀವನದಲ್ಲಿ ವಿದ್ಯುತ್ತಿನ ಬಳಕೆ ತಿಳಿದಿದೆ’ ಎಂದು ಬರೆದಿತ್ತು. ಸರಿ ಅನ್ನಿಸಿತು. ಸ್ಮಾರ್ಟ್ ಬೋರ್ಡಿನಲ್ಲಿ ಮೊದಲೇ ತುಂಬಿದ್ದ ವಿಡಿಯೊ ಹಾಕಿದೆ. ಮಾತು ಇಂಗ್ಲಿಷಿನಲ್ಲಿತ್ತು, ಹಾಗಾಗಿ ಶಬ್ದ ನಿಲ್ಲಿಸಿ ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಆಮೇಲೆ ಅದರಲ್ಲೇ ಇದ್ದ ಆಟ. ತಂತಿಯನ್ನು ಬೆರಳಲ್ಲಿ ಎಳೆದು ಬ್ಯಾಟರಿಯ ಹತ್ತಿರ ಬಿಟ್ಟರೆ ತಾನೇ ಹೋಗಿ ಅಂಟಿಕೊಳ್ಳುತ್ತದೆ, ಬಲ್ಬು ಹತ್ತುತ್ತದೆ, ಚಪ್ಪಾಳೆ ಕೇಳುತ್ತದೆ. ಮಕ್ಕಳು ಬೋರ್ಡ್ ಮುಟ್ಟಲು ಒಬ್ಬರ ಮೇಲೊಬ್ಬರು ಬಿದ್ದರು. ವೀಕ್ಷಣೆಗೆ ಬಂದಿದ್ದ ಪ್ರಾಧ್ಯಾಪಕರಿಗೆ ಬಹಳ ಖುಷಿಯಾಯಿತು. ‘ಮಕ್ಕಳ ಸಕ್ರಿಯ ಭಾಗವಹಿಸುವಿಕೆ’ಗೂ ಪೂರ್ತಿ ಅಂಕ ಬಂತು.

ಎರಡು ದಿನ ಬಿಟ್ಟು ಮಕ್ಕಳಿಗೆ ಒಂದು ಹಾಳೆ ಕೊಟ್ಟೆ. ಒಂದು ಶೆಲ್ಲು, ಒಂದು ಬಲ್ಬು. ಬಲ್ಬು ಹತ್ತಬೇಕಾದರೆ ತಂತಿ ಎಲ್ಲೆಲ್ಲಿ ಸೇರಬೇಕು, ಚಿತ್ರ ಬರೆಯಿರಿ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಶೆಲ್ಲಿನ ಒಂದು ತುದಿಯಿಂದ ಬಲ್ಬಿನ ಬುಡಕ್ಕೆ ಒಂದೇ ಒಂದು ತಂತಿ ಎಳೆದಿದ್ದರು. ಪರದೆಯ ಮೇಲೆ ಎರಡು ತಂತಿ ಇದ್ದದ್ದನ್ನು ಎಲ್ಲರೂ ನೋಡಿದ್ದರು. ಕೈಯಾರೆ ಎಳೆದೂ ಇದ್ದರು.

ಯಾಕೆ ಹೀಗೆ ಎಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗ ಹೇಳಿದ: “ಟೀಚರ್, ಬೋರ್ಡಿನಾಗ ಎರಡ ಇರ್ತಾವ. ಖರೆ ಬಲ್ಬಿಗೆ ಒಂದೇ ವಾಯರ್ ಬರ್ತದ. ನಮ್ಮ ಮನ್ಯಾಗ ನೋಡ್ರಿ ಬೇಕಾರ.”

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅವನ ಮನೆಯಲ್ಲಿ ಸೂರಿನಿಂದ ಹೋಲ್ಡರಿಗೆ ಇಳಿಯುವುದು ಕಣ್ಣಿಗೆ ಒಂದೇ ವಾಯರು. ನಿಮ್ಮ ಮೊಬೈಲ್ ಚಾರ್ಜರಿಗೂ ಒಂದೇ, ಟೇಬಲ್ ಫ್ಯಾನಿಗೂ ಒಂದೇ. ದಿನಾ ನೋಡುವುದನ್ನು ಬಿಟ್ಟು ಮಗು ಬೋರ್ಡಿನ ಗೊಂಬೆಯಾಟವನ್ನು ಯಾಕೆ ನಂಬಬೇಕು? ಅದಕ್ಕೆ ಮನೆಯದು ಖರೆ, ಶಾಲೆಯದು ಪರೀಕ್ಷೆಗೆ. ಚಾಟ್‌ಬಾಟ್ ಬರೆದುಕೊಟ್ಟ ‘ಪೂರ್ವಜ್ಞಾನ’ದಲ್ಲಿ ಈ ಒಂದು ವಾಯರು ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅದು ಆ ಹುಡುಗನ ತಲೆಯಲ್ಲಿತ್ತು, ನಾನು ಕೇಳಿರಲಿಲ್ಲ.

ಇದು ನಮ್ಮ ಬಡ ಮಕ್ಕಳ ಅಜ್ಞಾನ ಎಂದು ಯಾರೂ ಮರುಗಬೇಕಾಗಿಲ್ಲ. ‘ಮೈಂಡ್ಸ್ ಆಫ್ ಅವರ್ ಓನ್’ ಎಂಬ 1997ರ ಒಂದು ಅಮೆರಿಕನ್ ಸಾಕ್ಷ್ಯಚಿತ್ರದಲ್ಲಿ ಪದವಿ ಪಡೆದು ನಿಲುವಂಗಿಯಲ್ಲೇ ನಿಂತ ಎಂಐಟಿ ಪದವೀಧರರ ಕೈಗೆ ಬ್ಯಾಟರಿ, ಬಲ್ಬು, ಒಂದು ತಂತಿ ಕೊಟ್ಟು ಹಚ್ಚಿ ತೋರಿಸಿ ಅನ್ನುತ್ತಾರೆ. ಆಗುತ್ತದೆ ಎಂದು ಧೈರ್ಯವಾಗಿ ಹೇಳಿದವರೂ ತಡವರಿಸುತ್ತಾರೆ. ಜಗತ್ತಿನ ಅತ್ಯುತ್ತಮ ಪಾಠಗಳನ್ನು ಕೇಳಿ ಬಂದವರ ತಲೆಯೊಳಗೂ ಬಾಲ್ಯದ ಆ ಕಲ್ಪನೆ ಹಾಗೇ ಉಳಿದಿತ್ತು. ಅದನ್ನು ಯಾರೂ ಹೊರಗೆ ತೆಗೆಸಿ ನೋಡಿರಲಿಲ್ಲ.

ಶಾಲೆಯ ವಿಜ್ಞಾನದ ಟೀಚರನ್ನು ಕೇಳಿಕೊಂಡು ಅದೇ ಪಾಠವನ್ನು ಮತ್ತೆ ಮಾಡಿದೆ. ಹಿಂದಿನ ಸಂಜೆ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಎಲ್‌ಇಡಿ, ತಂತಿ, ಶೆಲ್ಲು ತಂದೆ. ಜೊತೆಗೆ ಮನೆಗೆ ಬಳಸುವ ಮಾಮೂಲಿ ವಾಯರಿನ ತುಂಡುಗಳು. ತರಗತಿಯಲ್ಲಿ ಮೊದಲು ಆ ತುಂಡುಗಳನ್ನೇ ಹಂಚಿದೆ. ಸುಲಿದು ನೋಡಿ ಎಂದೆ. ಬ್ಲೇಡು ಕೊಡಲು ನನಗೆ ಹೆದರಿಕೆ. ಅಪ್ಪನ ಜೊತೆ ವೈರಿಂಗ್ ಕೆಲಸಕ್ಕೆ ಹೋಗಿ ಗೊತ್ತಿದ್ದ ಒಬ್ಬ ಹುಡುಗ ಹಲ್ಲಲ್ಲೇ ಸುಲಿದು ತೋರಿಸಿಬಿಟ್ಟ. ಬೇಡ ಅನ್ನುವಷ್ಟರಲ್ಲಿ ಮೇಲಿನ ಸಿಪ್ಪೆ ಕಳಚಿ ಒಳಗಿನ ಕೆಂಪು, ಕಪ್ಪು ಹೊರಬಂದವು. “ಒಳಗ ಎರಡ ಅವ ಟೀಚರ್!” ಎಂದು ಕೂಗಿದ್ದು ಅದೇ ಹಿಂದಿನ ಬೆಂಚಿನವನು.

ಆಮೇಲೆ ನಲವತ್ತು ನಿಮಿಷ ಗಲಾಟೆ. ಒಂದು ಶೆಲ್ಲಿಗೆ ಎಲ್‌ಇಡಿ ಹತ್ತಲಿಲ್ಲ, ಎರಡು ಜೋಡಿಸಬೇಕಾಯಿತು. ಜೋಡಿಸಿದರೂ ಕೆಲವರದು ಹತ್ತಲಿಲ್ಲ. ತಿರುಗಿಸಿ ಹಿಡಿದ ಒಬ್ಬಳದು ಹತ್ತಿತು. ಉದ್ದ ಕಾಲು ಪ್ಲಸ್ ಕಡೆಗೆ ಇರಬೇಕು ಅನ್ನುವುದನ್ನು ನಾನು ಹೇಳುವ ಮೊದಲೇ ಇಡೀ ತರಗತಿಗೆ ಅವಳೇ ಹೇಳಿದಳು. ಇನ್ನೊಂದು ಗುಂಪಿನಲ್ಲಿ ತಂತಿಯ ತುದಿ ಸರಿಯಾಗಿ ಸುಲಿದಿರಲಿಲ್ಲ. ಲೂಸ್ ಕಾಂಟ್ಯಾಕ್ಟು. ಪರದೆಯ ಮೇಲಿನ ಸರ್ಕಿಟ್ಟಿನಲ್ಲಿ ಲೂಸ್ ಕಾಂಟ್ಯಾಕ್ಟ್ ಅನ್ನುವುದೇ ಇಲ್ಲ. ಆದರೆ ವಿದ್ಯುತ್ತು ಅಂದರೆ ಏನು ಎಂದು ಈ ಮಕ್ಕಳು ಯೋಚಿಸಲು ಶುರುಮಾಡಿದ್ದೇ ಅದು ಹತ್ತದೇ ಹೋದಾಗ.

ಆ ದಿನವೂ ವೀಕ್ಷಣೆ ಇತ್ತು. ಬಂದಿದ್ದ ಮೇಡಂ ಒಳ್ಳೆಯವರೇ. ಪಾಠ ಚೆನ್ನಾಗಿತ್ತು ಎಂದರು. ಆಮೇಲೆ ಹಾಳೆಯನ್ನು ನೋಡಿ, “ಆದರೆ ಐಸಿಟಿ ಎಲ್ಲಿ? ಗೋಡೆಯ ಮೇಲೆ ಅಷ್ಟು ದೊಡ್ಡ ಬೋರ್ಡು ಇಟ್ಟುಕೊಂಡು ಬಳಸದಿದ್ದರೆ ಹೇಗೆ? ನಾನಾದರೂ ಏನು ಬರೆಯಲಿ?” ಎಂದು ಕೇಳಿ ಸೊನ್ನೆ ಬರೆದರು. ತಪ್ಪು ಅವರದಲ್ಲ. ‘ಬಳಸಿದರೇ?’ ಎಂದು ಕೇಳುವ ಖಾನೆ ಅದು. ‘ಬಳಸಬೇಕಿತ್ತೇ?’ ಎಂದು ಕೇಳುವುದೇ ಇಲ್ಲ.

ತಮಾಷೆ ಏನೆಂದರೆ ನಮ್ಮ ಪಠ್ಯಕ್ರಮಕ್ಕೆ ಈ ಎರಡನೇ ಪ್ರಶ್ನೆ ಗೊತ್ತಿದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ನಂತರ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಯ ಜೊತೆಗಿನ ತರಬೇತಿ 20 ವಾರಕ್ಕೆ ಏರಿತು. ಆಗ ಬಂದ ಪಠ್ಯಕ್ರಮದ ಚೌಕಟ್ಟಿನಲ್ಲಿ ತಂತ್ರಜ್ಞಾನದ ಪತ್ರಿಕೆಗೆ ಇಟ್ಟ ಹೆಸರು ‘ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ’. ವಿಮರ್ಶಾತ್ಮಕ ಎಂಬ ಪದವನ್ನು ಯಾರೋ ಯೋಚಿಸಿಯೇ ಹಾಕಿರಬೇಕು. ನಮ್ಮ ಕಾಲೇಜಿನಲ್ಲಿ ಆ ಪತ್ರಿಕೆಯಲ್ಲಿ ನಾವು ಕಲಿತದ್ದು ಸ್ಲೈಡ್ ಮಾಡುವುದು, ಗೂಗಲ್ ಫಾರ್ಮಿನಲ್ಲಿ ಪ್ರಶ್ನೆ ಹಾಕುವುದು, ವಿಡಿಯೊ ಕತ್ತರಿಸುವುದು. ಇವನ್ನು ನಮ್ಮ ತಮ್ಮ ತಂಗಿಯರು ಒಂದು ಮಧ್ಯಾಹ್ನದಲ್ಲಿ ಕಲಿಸಿಕೊಡುತ್ತಾರೆ. ವಿಮರ್ಶೆ ಮಾತ್ರ ಎಲ್ಲೂ ಬರಲಿಲ್ಲ. ಯಾವ ಪಾಠಕ್ಕೆ ಪರದೆ ಬೇಕು, ಯಾವುದಕ್ಕೆ ಬೇಡ, ಒಂದು ವಿಡಿಯೊದಲ್ಲಿ ತಪ್ಪಿದ್ದರೆ ಹಿಡಿಯುವುದು ಹೇಗೆ, ಮಗುವಿನ ಯಾವ ತಪ್ಪನ್ನು ಅದು ಇನ್ನಷ್ಟು ಗಟ್ಟಿ ಮಾಡಬಹುದು, ಇದನ್ನು ಯಾರೂ ಹೇಳಿಕೊಡಲಿಲ್ಲ. ‘ಭವಿಷ್ಯದ ಶಿಕ್ಷಕರು ತಂತ್ರಜ್ಞಾನಕ್ಕೆ ಹೊಂದಿಕೊಳ್ಳಬೇಕು’ ಎಂದು ಎಲ್ಲ ವಿಚಾರಸಂಕಿರಣಗಳಲ್ಲೂ ಭಾಷಣವಾಗುತ್ತದೆ. ಹೊಂದಿಕೊಳ್ಳಬೇಕಾದವರು ಯಾವಾಗಲೂ ನಾವೇ. ತಂತ್ರಜ್ಞಾನ ನಮ್ಮ ತರಗತಿಗೆ ಹೊಂದಿಕೊಳ್ಳಲಿ ಎಂದು ಒಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ.

ಈ ಆತುರ ಹೊಸದೂ ಅಲ್ಲ. ಸಿನಿಮಾ ಬಂದಿದೆ, ಇನ್ನು ಶಾಲೆಯಲ್ಲಿ ಪುಸ್ತಕಗಳ ಕಾಲ ಮುಗಿಯಿತು ಎಂಬ ಅರ್ಥದ ಮಾತನ್ನು ಎಡಿಸನ್ 1913ರಲ್ಲೇ ಆಡಿದ್ದ. ನಮ್ಮ ಕಡೆಯದೇ ಉದಾಹರಣೆ ಬೇಕಿದ್ದರೆ, ನನ್ನ ತರಗತಿಯ ಮಕ್ಕಳ ಅಜ್ಜ ಅಜ್ಜಿಯರ ಸೀಮೆಗೆ 1975ರಲ್ಲೇ ಆಕಾಶದಿಂದ ಪಾಠ ಇಳಿದಿತ್ತು. ಸೈಟ್ ಎಂದು ಕರೆದ ಆ ಪ್ರಯೋಗಕ್ಕೆ ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆಯ್ದುಕೊಂಡದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮ. 1976ರ ಜುಲೈ 31ಕ್ಕೆ ವರ್ಷ ತುಂಬಿತು, ಉಪಗ್ರಹ ಬೇರೆ ಕೆಲಸಕ್ಕೆ ಹೊರಟುಹೋಯಿತು.

ಸೈಟನ್ನು ಹಳಿಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಅದನ್ನು ನಡೆಸಿದವರು ಇವತ್ತಿನ ದಾನಿಗಳಿಗಿಂತ ಎಷ್ಟೋ ಪ್ರಾಮಾಣಿಕರು. ನೋಡುವವರ ಭಾಷೆಯಲ್ಲೇ ಕಾರ್ಯಕ್ರಮ ಮಾಡಿದರು. ಸಂಶೋಧಕರನ್ನು ಹಳ್ಳಿಗಳಲ್ಲೇ ಉಳಿಸಿ, ಜನ ಏನು ನೋಡಿದರು, ಏನು ಅರ್ಥವಾಯಿತು ಎಂದು ತಿಂಗಳುಗಟ್ಟಲೆ ಅಧ್ಯಯನ ಮಾಡಿಸಿದರು. ಐವತ್ತು ವರ್ಷದ ನಂತರ ಅದೇ ಸೀಮೆಯ ಮಕ್ಕಳ ಮುಂದಿರುವ ಬೋರ್ಡಿಗೆ ಅವರ ಭಾಷೆ ಬರುವುದಿಲ್ಲ. ಅದನ್ನು ಹಾಕಿಹೋದವರು ಮಕ್ಕಳು ಏನು ಕಲಿತರು ಎಂದು ಕೇಳಲು ಒಮ್ಮೆಯೂ ಬಂದಿಲ್ಲ. ಉದ್ಘಾಟನೆಯ ಫೋಟೊ ಮಾತ್ರ ಆಫೀಸಿನ ಗೋಡೆಯ ಮೇಲಿದೆ.

ನನ್ನನ್ನು ಯಂತ್ರದ ವಿರೋಧಿ ಎಂದು ಬಗೆಯುವ ಮೊದಲು ಇನ್ನೆರಡು ಸಂಗತಿ ಕೇಳಿ. ಎಲ್‌ಇಡಿ ಪಾಠದ ಮಾರನೇ ದಿನ ನಾನೇ ಆ ಬೋರ್ಡನ್ನು ಹಾಕಿದೆ. ತಂತಿಯೊಳಗೆ ಓಡುವುದು ಕಣ್ಣಿಗೆ ಕಾಣುವುದಿಲ್ಲ, ಅದನ್ನು ಶೆಲ್ಲು ತಂತಿ ತಂದು ತೋರಿಸಲಾಗುವುದಿಲ್ಲ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಎಂಬ ಉಚಿತ ತಾಣದಲ್ಲಿ ಸರ್ಕಿಟ್ ಕಟ್ಟಿದರೆ ಎಲೆಕ್ಟ್ರಾನುಗಳು ಸಾಲಾಗಿ ಸರಿಯುವುದು ಕಾಣುತ್ತದೆ. ತಂತಿಯನ್ನು ಕೈಯಲ್ಲಿ ಸುಲಿದ ಮಕ್ಕಳಿಗೆ ಅದು ಅರ್ಥವಾಯಿತು. “ಒಂದ ಕಡೆ ಕಟ್ ಮಾಡಿದ್ರ ಎಲ್ಲಾ ಕಡೆ ಯಾಕ ನಿಲ್ತಾವ?” ಎಂದು ಕೇಳಿದರು. ಮೊದಲ ದಿನ ಅದೇ ಪರದೆ ಇತ್ತು, ಈ ಪ್ರಶ್ನೆ ಇರಲಿಲ್ಲ.

ಎರಡನೆಯದು ನನ್ನ ಮೊಬೈಲು. ಓದಲು ತಡವರಿಸುವ ಮಕ್ಕಳ ಓದನ್ನು ಅದರಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸುತ್ತೇನೆ. ತನ್ನ ದನಿಯನ್ನು ತಾನೇ ಕೇಳಿದ ಮಗು, ಎಲ್ಲಿ ನುಂಗಿದೆ, ಎಲ್ಲಿ ಅಳುಕಿದೆ ಎಂದು ನಾನು ಹೇಳದೆಯೇ ತಿದ್ದಿಕೊಳ್ಳುತ್ತದೆ. ಇದಕ್ಕೆ ಇಂಟರ್ನೆಟ್ ಬೇಡ, ದಾನಿ ಬೇಡ, ಉದ್ಘಾಟನೆ ಬೇಡ. ಆದರೆ ಇದನ್ನು ಐಸಿಟಿ ಎಂದು ನನ್ನ ಕಾಲೇಜು ಲೆಕ್ಕಕ್ಕೆ ಹಿಡಿಯಲಿಲ್ಲ. ಸ್ಲೈಡ್ ಇರಲಿಲ್ಲವಲ್ಲ!

ಒಂದು ವಾದವನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಒಳ್ಳೆಯ ಶಿಕ್ಷಕರು ಎಲ್ಲ ಕಡೆ ಸಿಗುವುದಿಲ್ಲ, ಶಿಕ್ಷಕರೇ ಇಲ್ಲದ ಕಡೆ ರೆಕಾರ್ಡ್ ಮಾಡಿದ ಪಾಠವಾದರೂ ಇರಲಿ. ಶ್ರೀಮಂತರ ಮಕ್ಕಳಿಗೆ ಇರುವುದು ನಮ್ಮ ಮಕ್ಕಳಿಗೆ ಬೇಡವೇ ಅನ್ನುವುದು. ಬೇಕು, ಖಂಡಿತ ಬೇಕು. ಆದರೆ ಶ್ರೀಮಂತರ ಶಾಲೆಯಲ್ಲಿ ಪರದೆ ಪ್ರಯೋಗಾಲಯದ ಜೊತೆಗೆ ಬರುತ್ತದೆ. ನಮ್ಮಲ್ಲಿ ಪ್ರಯೋಗಾಲಯದ ಬದಲಿಗೆ ಬರುತ್ತದೆ. ಅಲ್ಲಿ ಶಿಕ್ಷಕರ ಕೈಗೆ ಕೊಟ್ಟ ಇನ್ನೊಂದು ಸಾಧನ, ಇಲ್ಲಿ ಶಿಕ್ಷಕರ ನೇಮಕವನ್ನು ಮುಂದೂಡಲು ಸಿಕ್ಕ ನೆಪ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ವಾದದ ಪರೀಕ್ಷೆ ನಡೆದುಹೋಯಿತು. ಆನ್‌ಲೈನ್ ಪಾಠ ಮೊಬೈಲ್ ಇಲ್ಲದ ಮನೆಗಳಿಗೆ ತಲುಪಲಿಲ್ಲ. ಕರ್ನಾಟಕದಲ್ಲಿ ‘ವಿದ್ಯಾಗಮ’ ಎಂದು ಮೇಷ್ಟ್ರುಗಳನ್ನೇ ಊರ ಗುಡಿ, ಮರದ ನೆರಳು, ಜಗಲಿಗಳಿಗೆ ಕಳಿಸಬೇಕಾಯಿತು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು, ಅದು ಬೇರೆ ಮಾತು. ಯಂತ್ರ ತಲುಪದ ಕಡೆಗೆ ನಡೆದುಹೋದದ್ದು ಮನುಷ್ಯರು.

ಶಾಲೆಯಲ್ಲಿ ತಂತ್ರಜ್ಞಾನದ ಬಗ್ಗೆ ಯುನೆಸ್ಕೊ 2023ರಲ್ಲಿ ಹೊರತಂದ ಜಾಗತಿಕ ವರದಿಯ ಹೆಸರಿನಲ್ಲೇ ಒಂದು ಪ್ರಶ್ನೆಯಿದೆ: ಈ ಸಾಧನ ಯಾರ ಷರತ್ತಿನ ಮೇಲೆ? ನಮ್ಮ ಕಾಲೇಜಿನ ಗೋಡೆಯ ಮೇಲೆ ಬರೆಸಬೇಕಾದ ಪ್ರಶ್ನೆ ಇದು. ಮಾರುವವರ ಷರತ್ತೋ, ದಾನಿಯ ಷರತ್ತೋ, ಅಂಕಪಟ್ಟಿಯ ಷರತ್ತೋ, ಅಥವಾ ಹಿಂದಿನ ಬೆಂಚಿನ ಹುಡುಗನ ಷರತ್ತೋ?

ಈಗ ನಿಮ್ಮ ಹತ್ತಿರ ಬರುತ್ತೇನೆ. ಈ ಪತ್ರಿಕೆ ಓದುವವರಲ್ಲಿ ಬಹಳ ಜನ ಪುಣೆ, ಹೈದರಾಬಾದ್, ಚೆನ್ನೈಗಳ ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದೀರಿ. ಆ ಬೋರ್ಡನ್ನು ಮಾಡುವವರು, ಮಾರುವವರು, ದಾನ ಕೊಡಿಸುವವರು ನಿಮ್ಮಲ್ಲೇ ಇದ್ದೀರಿ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದರಲ್ಲಿ ಶಾಲೆಗೆ ಹೋಗುವ ಹಣ ಬೋರ್ಡಾಗಿ, ಟ್ಯಾಬಾಗಿ ಹೋಗುವುದೇ ಸುಲಭ. ಎಣಿಸಬಹುದು, ಫೋಟೊ ತೆಗೆಯಬಹುದು. ಹಾಗೆ ಕೊಡುವ ಮೊದಲು ಒಂದು ದಿನ ರಜೆ ಹಾಕಿ ಆ ಶಾಲೆಯಲ್ಲಿ ಕೂತು ನೋಡಿ. ಶಿಕ್ಷಕರನ್ನು ಏನು ಬೇಕು ಎಂದು ಕೇಳಿ. ಶೆಲ್ಲು, ತಂತಿ, ಲೆನ್ಸು, ತಕ್ಕಡಿ ಎಂದರೆ ಮುಖ ಸಿಂಡರಿಸಬೇಡಿ.

ಬೋರ್ಡೇ ಕೊಡುವುದಾದರೆ ಅದಕ್ಕೆ ಕನ್ನಡ ಕಲಿಸಿ ಕೊಡಿ. ಹೊರನಾಡಿನ ಕನ್ನಡ ಶಾಲೆಯ ಸಂಕಟ ನಿಮಗೆ ಗೊತ್ತಿರಬೇಕು. ಮಾರುವವರಿಗೆ ನಾವು ಮಹಾರಾಷ್ಟ್ರದ ಗಿರಾಕಿ, ಹಾಗಾಗಿ ಮರಾಠಿ, ಹಿಂದಿ ತುಂಬುತ್ತಾರೆ. ಕರ್ನಾಟಕಕ್ಕೆಂದು ಮಾಡಿದ್ದು ಇಲ್ಲಿನ ಪಠ್ಯಕ್ಕೆ ಹೊಂದುವುದಿಲ್ಲ. ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಪ್ರಶ್ನೆಪತ್ರಿಕೆಗಳು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸವಾಗುತ್ತವೆ, ಯುನಿಕೋಡಿಗೆ ತಂದುಕೊಡಲು ಯಾರೂ ಇಲ್ಲ. ಅಂಥ ಹತ್ತು ವರ್ಷದ ಕಡತವನ್ನು ನಿಮ್ಮಲ್ಲೊಬ್ಬರು ಒಂದು ಶನಿವಾರ ಕೂತು ಸರಿಮಾಡಬಲ್ಲಿರಿ. ವಿಡಿಯೊದ ದನಿಯನ್ನು, ಪದಗಳನ್ನು ಶಿಕ್ಷಕರೇ ಬದಲಾಯಿಸಿಕೊಳ್ಳಲು ಆಗುವಂತೆ ಮಾಡಿ. ನೆಟ್ ಇಲ್ಲದೆ ನಡೆಯುವಂತೆ ಮಾಡಿ. ತಂತಿ ತಾನೇ ಹೋಗಿ ಅಂಟಿಕೊಳ್ಳದಂತೆ ಮಾಡಿ.

ನನ್ನ ಕಾಲೇಜಿಗೆ, ಮತ್ತು ಇಂಥ ಎಲ್ಲ ಕಾಲೇಜುಗಳಿಗೆ ನನ್ನ ಬೇಡಿಕೆ ಇನ್ನೂ ಸಣ್ಣದು. ಆ ಐದು ಅಂಕದ ಖಾನೆಯನ್ನು ತೆಗೆಯಬೇಡಿ, ಪ್ರಶ್ನೆ ಬದಲಾಯಿಸಿ. ಈ ಪಾಠಕ್ಕೆ ಯಂತ್ರ ಬಳಸಿದ್ದರೆ ಯಾಕೆ, ಬಳಸದಿದ್ದರೆ ಯಾಕೆ ಎಂದು ಕೇಳಿ. ಕಾರಣಕ್ಕೆ ಅಂಕ ಕೊಡಿ. ಆಗ ವಿಮರ್ಶಾತ್ಮಕ ಎಂಬ ಪದಕ್ಕೆ ಅರ್ಥ ಬರುತ್ತದೆ. ಚಾಟ್‌ಬಾಟಿನಲ್ಲಿ ಪಾಠಯೋಜನೆ ಬರೆಸಿದರೂ ಬರೆಸಲಿ, ‘ಪೂರ್ವಜ್ಞಾನ’ದ ಸಾಲನ್ನು ಮಾತ್ರ ಮಕ್ಕಳನ್ನು ಕೇಳಿಬಂದು ಸ್ವಂತ ಕೈಯಲ್ಲಿ ಬರೆಯಬೇಕು ಎಂದು ನಿಯಮ ಮಾಡಿ. ಹಾಕುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ಆಫ್ ಮಾಡುವುದನ್ನೂ ಕಲಿಸಿ.

ಬರುವ ತಿಂಗಳು ನನ್ನ ಅಂತಿಮ ಪಾಠ ಪರೀಕ್ಷೆ. ಹೊರಗಿನ ಪರೀಕ್ಷಕರು ಬರುತ್ತಾರೆ. ಶಬ್ದದ ಪಾಠ ಆರಿಸಿಕೊಂಡಿದ್ದೇನೆ. ಸ್ಟೀಲ್ ತಟ್ಟೆ, ರಬ್ಬರ್ ಬ್ಯಾಂಡು, ದಾರ ಕಟ್ಟಿದ ಎರಡು ಕಾಗದದ ಲೋಟ ಸಿದ್ಧವಾಗಿವೆ. ಮಕ್ಕಳನ್ನು ಮೊದಲೇ ಕೇಳಿಯೂ ಆಗಿದೆ; ಗೋಡೆಯೊಳಗಿಂದ ಶಬ್ದ ಹೋಗುವುದಿಲ್ಲ, ಸಂದಿಯಿಂದ ಮಾತ್ರ ಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಐಸಿಟಿ ಎಂಬಲ್ಲಿ ‘ಈ ಪಾಠಕ್ಕೆ ಬೇಕಾಗಲಿಲ್ಲ’ ಎಂದು ಬರೆದು, ಕೆಳಗೆ ಎರಡು ಸಾಲು ಕಾರಣ ಕೊಟ್ಟಿದ್ದೇನೆ. ಐದು ಅಂಕ ಹೋದರೆ ನನ್ನ ದರ್ಜೆ ಕೆಳಗಿಳಿಯಬಹುದು, ಕೆಲಸ ಹುಡುಕುವಾಗ ಅದು ಲೆಕ್ಕಕ್ಕೆ ಬರುತ್ತದೆ ಎಂದು ಗೆಳತಿಯರು ಎಚ್ಚರಿಸಿದ್ದಾರೆ. ಅವರು ಹೇಳುವುದು ನಿಜ. ಆದರೂ ಆ ಸಾಲನ್ನು ಹೊಡೆದುಹಾಕುವುದಿಲ್ಲ.